ಎರಡು ಕೊಳವೆ, ಒಂದು ಗುಡುಗು

ಅಮೆರಿಕದ ಫೋರ್ಡ್ ಕಂಪನಿಯ ಮಸ್ಟಂಗ್ ಕಾರು 1964ರಲ್ಲಿ ಮಾರುಕಟ್ಟೆಗೆ ಬಂತು. ವಿ-8 ಎಂಜಿನ್ನಿನ ಮಸ್ಟಂಗನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲೆವು ಎನ್ನುವವರಿದ್ದಾರೆ. ಹಿಂಬದಿಯ ಜೋಡಿ ಹೊಗೆಕೊಳವೆಗಳಿಂದ ಹೊರಡುವ ಗುಡುಗುಡು ಸದ್ದೇ ಅದಕ್ಕೆ ಕಾರಣ. ಈ ಸದ್ದು ಅರ್ಧ ತಾನಾಗಿ ಬಂದದ್ದು, ಇನ್ನರ್ಧ ಎಂಜಿನಿಯರುಗಳು ಕುಳಿತು ರೂಪಿಸಿದ್ದು. ರೂಪಿಸಿದ್ದು ಎಂದಮೇಲೆ ವಾದ್ಯವನ್ನು ವಿಮರ್ಶಿಸುವಂತೆ ಅದನ್ನೂ ವಿಮರ್ಶಿಸಬಹುದಷ್ಟೆ?

ಮೊದಲು ಒಂದು ತಪ್ಪು ತಿಳಿವಳಿಕೆ. ಕೊಳವೆ ಎರಡಾದರೆ ಹೊಗೆ ಹೋಗುವ ದಾರಿಯೂ ಇಮ್ಮಡಿ, ಶಕ್ತಿಯೂ ಇಮ್ಮಡಿ ಎಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿ. 76 ಮಿ.ಮೀ. ಒಳವ್ಯಾಸದ ಒಂದೇ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 45 ಚದರ ಸೆಂ.ಮೀ.; 57 ಮಿ.ಮೀ.ನ ಎರಡು ಕೊಳವೆಗಳದ್ದು ಒಟ್ಟು 51. ಒಂದೇ ದಪ್ಪ ಕೊಳವೆ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡೀತು. ಜೋಡಿ ಕೊಳವೆಯ ಮಹಿಮೆ ಇರುವುದು ಸದ್ದಿನಲ್ಲಿ.

ಕ್ರ್ಯಾಂಕ್ ದಂಡ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಎಂಟು ಸಿಲಿಂಡರುಗಳಲ್ಲೂ 90 ಡಿಗ್ರಿಗೊಂದರಂತೆ ದಹನ ನಡೆಯುತ್ತದೆ. ಇವನ್ನು ಆದಿತಾಳದ ಎಂಟು ಅಕ್ಷರಗಳು ಎಂದುಕೊಳ್ಳೋಣ. ಎಂಟೂ ಒಂದೇ ಬಾಯಿಂದ ಹೊರಬಂದರೆ ಕೇಳುವುದು ಸಮಲಯ. ಆದರೆ ಇಲ್ಲಿ 'ವಿ'ಯ ಒಂದು ಸಾಲಿನ ನಾಲ್ಕು ಸಿಲಿಂಡರುಗಳಿಗೆ ಒಂದು ಕೊಳವೆ, ಇನ್ನೊಂದು ಸಾಲಿಗೆ ಮತ್ತೊಂದು. ಮಸ್ಟಂಗ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ದಹನಕ್ರಮದ ಪ್ರಕಾರ ಒಂದು ಸಾಲಿಗೆ ಸಿಗುವುದು 1, 2, 4, 7ನೆಯ ಅಕ್ಷರಗಳು. ಇನ್ನೊಂದಕ್ಕೆ 3, 5, 6, 8. ತರಗತಿಯಲ್ಲಿ ಮಕ್ಕಳನ್ನು ಎರಡು ಗುಂಪು ಮಾಡಿ ಹೀಗೆ ಚಪ್ಪಾಳೆ ತಟ್ಟಿಸಿ. ಪ್ರತಿ ಗುಂಪಿನದೂ ಕುಂಟುವ ಲಯ. ಸೇರಿದರೆ ಮಾತ್ರ ಸಮ. ಆ ಕುಂಟುವಿಕೆಯೇ ಮಸ್ಟಂಗ್‌ನ ಗುಡುಗು.

ನಿಮಿಷಕ್ಕೆ 3,000 ಸುತ್ತಿನಲ್ಲಿ ಎಂಟೂ ಸೇರಿದ ದಹನದ ಆವೃತ್ತಿ 200 ಹರ್ಟ್ಸ್. ಆದರೆ ಒಂದೊಂದೇ ಸಾಲಿನ ವಿನ್ಯಾಸ ಮರುಕಳಿಸುವುದು ಎರಡು ಸುತ್ತಿಗೊಮ್ಮೆ. ಹಾಗಾಗಿ ಆ ಕೊಳವೆಯಲ್ಲಿ 25 ಹರ್ಟ್ಸ್ ಮತ್ತು ಅದರ ಹಲವು ಗುಣಕಗಳು ಇರುತ್ತವೆ. ಎರಡೂ ಕೊಳವೆಗಳನ್ನು ನಡುವೆ 'ಎಕ್ಸ್' ಆಕಾರದಲ್ಲಿ ಕೂಡಿಸಿದರೆ ಒಂದರ ತಗ್ಗು ಸ್ವರಗಳನ್ನು ಇನ್ನೊಂದರವು ಬಹುಮಟ್ಟಿಗೆ ಅಳಿಸುತ್ತವೆ. ಸದ್ದು ನಯವಾಗಿ, ಶ್ರುತಿ ಏರಿದಂತೆ ಕೇಳುತ್ತದೆ. 'ಎಚ್' ಆಕಾರದಲ್ಲಿ ಅಡ್ಡಕೊಳವೆಯೊಂದನ್ನಷ್ಟೇ ಇಟ್ಟರೆ ಬೆರಕೆ ಅರೆಬರೆ; ಗುಡುಗು ಉಳಿಯುತ್ತದೆ. 'ಎಕ್ಸ್' ಕೂಡುವಿಕೆಯನ್ನೇ ಶ್ರೇಷ್ಠವೆಂದು ಮಾರುವವರು ಈ ಎಂಜಿನ್ನಿನ ಸ್ವಭಾವವನ್ನೇ ಅಳಿಸುತ್ತಿದ್ದಾರೆ ಎಂಬುದು ನನ್ನ ದೂರು. ನಯವಾದ, ತಾರಕದ ಸ್ವರವೇ ಬೇಕಿದ್ದರೆ ಪ್ರಾಮಾಣಿಕ ದಾರಿ ಬೇರೆ ಇದೆ. 2015ರ ಶೆಲ್ಬಿ ಜಿಟಿ350ರಲ್ಲಿ ಫೋರ್ಡ್ ಕ್ರ್ಯಾಂಕ್ ದಂಡವನ್ನೇ ಬದಲಿಸಿತು: ಅದರ ಬಾಗುಗಳೆಲ್ಲ ಒಂದೇ ಸಮತಲದಲ್ಲಿ, 180 ಡಿಗ್ರಿ ಅಂತರದಲ್ಲಿ. ಆಗ ದಹನ ಎರಡೂ ಸಾಲುಗಳಲ್ಲಿ ಒಂದು ಬಿಟ್ಟು ಒಂದು. ಪ್ರತಿ ಕೊಳವೆಗೂ ಸಮಲಯ. ಸದ್ದು ಬದಲಾದದ್ದು ಯಂತ್ರ ಬದಲಾದ್ದರಿಂದ.

ಹಿತವಾದ ಸದ್ದಿನ ದೊಡ್ಡ ಶತ್ರು, ಹೆದ್ದಾರಿಯ ವೇಗದಲ್ಲಿ ಕಾರಿನೊಳಗೆ ಕವಿಯುವ ಮೊರೆತ. 2,000 ಸುತ್ತಿನಲ್ಲಿ ಅದು ಸುಮಾರು 133 ಹರ್ಟ್ಸ್. ಇದನ್ನು ಕೊಲ್ಲಲು ಕೊಳವೆಗೆ ತುದಿ ಮುಚ್ಚಿದ ಕವಲೊಂದನ್ನು ಬೆಸೆಯುತ್ತಾರೆ. ಅದರ ಉದ್ದ ತರಂಗದೂರದ ಕಾಲು ಭಾಗ. ಪಿಯುಸಿಯ ಅನುರಣನೆ ಪ್ರಯೋಗದ ತತ್ತ್ವವೇ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ 64 ಸೆಂ.ಮೀ. ಬರುತ್ತದೆ. ಆದರೆ 400 ಡಿಗ್ರಿ ಸೆಲ್ಸಿಯಸ್‌ನ ಅನಿಲದಲ್ಲಿ ವೇಗ ಸುಮಾರು 520 ಮೀಟರ್. ಉದ್ದ 97 ಸೆಂ.ಮೀ. ಆಗಬೇಕು. ಇಷ್ಟಕ್ಕೇ ಮುಗಿಯದು. ಕವಲಿನೊಳಗೆ ಅನಿಲ ಹರಿಯುವುದಿಲ್ಲವಾದ್ದರಿಂದ ಅಲ್ಲಿ ಬಿಸಿ ಕಡಿಮೆ, ಸರಿಯಾದ ಉದ್ದ ಈ ಎರಡರ ನಡುವೆ. ಕತ್ತರಿಸಿ, ಕೇಳಿ, ಮತ್ತೆ ಕತ್ತರಿಸಿಯೇ ಅದನ್ನು ಗೊತ್ತುಮಾಡಬೇಕು.

ಈಗ ನೆರೆಹೊರೆಯ ವಿಷಯ. 2018ರ ಮಾದರಿಯ ಮಸ್ಟಂಗ್ ಜಿಟಿಯ ಹೊಗೆಕೊಳವೆಯಲ್ಲಿ, ಬೇಕೆಂದವರಿಗೆ, ತೆರೆದು ಮುಚ್ಚುವ ಕವಾಟಗಳು ಬಂದವು. ಮುಂಜಾನೆ ಕಾರು ಮೆಲ್ಲಗೆ ಚಾಲೂ ಆಗುವಂತೆ ಸಮಯ ಗೊತ್ತುಮಾಡಬಹುದು. ಫೋರ್ಡ್ ಹೇಳಿದಂತೆ 82 ಡೆಸಿಬೆಲ್‌ನ ಸದ್ದು 72ಕ್ಕೆ ಇಳಿಯುತ್ತದೆ. ಹತ್ತು ಡೆಸಿಬೆಲ್ ಎಂದರೆ ಶಬ್ದದ ತೀವ್ರತೆ ಹತ್ತರಲ್ಲೊಂದು ಪಾಲು! ಕಂಪನಿಯ ಹಿರಿಯ ಎಂಜಿನಿಯರರೊಬ್ಬರ ಜಿಟಿ350ರ ಸದ್ದು ತಾಳಲಾರದೆ ನೆರೆಯವರು ಪೊಲೀಸರನ್ನು ಕರೆದರಂತೆ. ಈ ವ್ಯವಸ್ಥೆ ಹುಟ್ಟಿದ್ದು ಅಲ್ಲಿಂದ. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಮೆಚ್ಚದಿರುವುದು ಎರಡು. 2015ರ ಮಾದರಿಯಿಂದ ನಾಲ್ಕು ಸಿಲಿಂಡರಿನ ಮಸ್ಟಂಗ್‌ನಲ್ಲಿ ಎಂಜಿನ್ ಸದ್ದನ್ನು ಒಳಗಿನ ಧ್ವನಿವರ್ಧಕಗಳಿಂದ ಹಿಗ್ಗಿಸಿ ಕೇಳಿಸಲಾಯಿತು. ಚಾಲಕನಿಗೆ ಸದ್ದು ಒಂದು ಮಾಪಕವೂ ಹೌದು. ಅದಕ್ಕೆ ಬಣ್ಣ ಹಚ್ಚಬಾರದು. ಇನ್ನು 2024ರ ಮಾದರಿಯಲ್ಲಿ ನಿಂತ ಕಾರಿನ ಎಂಜಿನ್ನನ್ನು ಕೀಲಿಕೈಯ ಗುಂಡಿಯೊತ್ತಿ ದೂರದಿಂದಲೇ ಮೊರೆಯಿಸುವ ಸೌಲಭ್ಯ ಬಂತು. ಹೊರೆಯಿಲ್ಲದೆ ತಿರುಗುವ ಎಂಜಿನ್ನಿಗೆ ಬೇಕಾದ ಗಾಳಿ, ಇಂಧನ ಅತ್ಯಲ್ಪ. ಸಿಲಿಂಡರಿನ ಒತ್ತಡವೂ ಕಡಿಮೆ, ಕೊಳವೆಗೆ ನುಗ್ಗುವ ಅಲೆಯೂ ದುರ್ಬಲ. ಬೀದಿಯವರು ನಿಂತು ಕೇಳುವ ಆ ಸದ್ದು ಓಡುವ ಕಾರಿನದಲ್ಲ.