ಮೆಟ್ಟಿಲಿಲ್ಲದ ಮಂದ್ರ

ಜಾಕೊ ಪಾಸ್ಟೋರಿಯಸ್ ಎಂಬ ಅಮೆರಿಕೆಯ ಮಹಾವಾದಕನ ಸ್ಮರಣಾರ್ಥವಾಗಿ ಫೆಂಡರ್ ಸಂಸ್ಥೆಯ ಕಸ್ಟಮ್ ಶಾಪ್ ನಿರ್ಮಿಸುವ ಬೇಸ್ ಗಿಟಾರನ್ನು ಕಂಡವನಲ್ಲಿ, ಅದರ ಬೆಲೆಯನ್ನು ಕೇಳಿದೊಡನೆ ಹುಟ್ಟಬೇಕಾದ ವೈರಾಗ್ಯವು ಹುಟ್ಟದೆ ಮೋಹವೇ ಇಮ್ಮಡಿಸುವುದೇಕೆಂಬುದು ವಿಚಾರಾರ್ಹವಾದ ಸಂಗತಿ. ಅದು ಪ್ರತಿಕೃತಿ; ಜಾಕೊ ನುಡಿಸಿದ ಮೂಲವಾದ್ಯವು 1962ರ ಜಾಝ್ ಬೇಸ್. ಅದರ ಫ್ರೆಟ್‌ಗಳನ್ನು, ಎಂದರೆ ಲೋಹದ ಮೆಟ್ಟಿಲುಗಳನ್ನು, ಕಿತ್ತು, ಉಳಿದ ಸೀಳುಗಳನ್ನು ತುಂಬಿ, ತಂತಿಯ ಘರ್ಷಣೆಗೆ ಮರವು ಸವೆಯದಂತೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಲೇಪಿಸಲಾಗಿತ್ತು. ಆ ಲೇಪದ ಕಾಠಿಣ್ಯದಿಂದಲೇ, ಮಂದ್ರಸ್ಥಾಯಿಯಲ್ಲಿ ಸಾಮಾನ್ಯವಾಗಿ ಮುಸುಕಾಗಿ ಕೇಳುವ ನಾದವು ಉಜ್ಜ್ವಲವೂ ದೀರ್ಘವೂ ಆಗಿ, ಮನುಷ್ಯಕಂಠವು ಹಾಡಿದಂತೆ ಹರಿಯತೊಡಗಿತು. ಸ್ವರದಿಂದ ಸ್ವರಕ್ಕೆ ಸಾಗುವ ಅದರ ಜಾರು, ಗಮಕದಲ್ಲಿ ಬೆಳೆದ ನಮ್ಮ ಕಿವಿಗೆ ತೀರ ಅಪರಿಚಿತವೇನಲ್ಲ. 1976ರ ಅವನ ಪ್ರಥಮ ಧ್ವನಿಮುದ್ರಿಕೆಯಲ್ಲಿಯೂ, ಮರುವರ್ಷ ಅವನಿದ್ದ ವೆದರ್ ರಿಪೋರ್ಟ್ ತಂಡವು ಹೊರತಂದ 'ಹೆವಿ ವೆದರ್'ನಲ್ಲಿಯೂ ಆ ನಾದವನ್ನು ಆಲಿಸಬಹುದು.

1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಆ ವಾದ್ಯವು ಕಳುವಾಯಿತು. ಮರುವರ್ಷ ಜಾಕೊ ತೀರಿಕೊಂಡನು. ವಾದ್ಯವು ಎರಡು ದಶಕಗಳ ತರುವಾಯ ದೊರೆಯಿತು.

ಪ್ರತಿಕೃತಿಯಲ್ಲಿ ಮೂಲದ ಬಣ್ಣದ ಸವೆತವನ್ನೂ ಗೀರುಗಳನ್ನೂ ಕುಶಲಕರ್ಮಿಗಳು ಬುದ್ಧಿಪೂರ್ವಕವಾಗಿ ಮೂಡಿಸುವರು. ಅನ್ಯನ ದೇಹಶ್ರಮದ ಗುರುತಿಗೆ ಹಣ ತೆರುವ ಈ ವ್ಯವಹಾರವು ತುಸು ಹಾಸ್ಯಾಸ್ಪದವೆಂದು ನಾನು ಬಲ್ಲೆ; ಬಲ್ಲೆನಾದರೂ ಕಣ್ಣು ಅಲ್ಲಿಂದ ಕದಲದು. ಅಗ್ಗದ ವಾದ್ಯವೊಂದರ ಮೆಟ್ಟಿಲುಗಳನ್ನು ಕೀಳಿಸಿ ಎಪಾಕ್ಸಿ ಬಳಿದರೆ ಸಾಲದೆ ಎಂದು ವಿವೇಕವು ಕೇಳುತ್ತದೆ. ಜಾಕೊವಿನ ವಾದ್ಯವೂ ಹುಟ್ಟಿದ್ದು ಹಾಗೆಯೇ ಅಲ್ಲವೆ?