‘ಅಣಕು ಮತದಾನ’: ಒಂದು ಸಾಲಿನ ವ್ಯಾಖ್ಯಾನ

ಮತಗಟ್ಟೆಯ ವಿಧಿಯೊಂದನ್ನು ಸೂತ್ರದಂತೆ ಕಟ್ಟಿದರೆ ಹೀಗಾಗುತ್ತದೆ: ‘ಏಳಕ್ಕೆ ಮುನ್ನ, ಏಜೆಂಟರ ಸಮಕ್ಷಮ, ಕನಿಷ್ಠ 50 ಅಣಕು ಮತ, ಬಳಿಕ ಕ್ಲೋಸ್, ರಿಸಲ್ಟ್, ಕ್ಲಿಯರ್.’

‘ಏಳಕ್ಕೆ ಮುನ್ನ’ ಎಂಬುದು ಕಾಲನಿಯಮ. ಮತದಾನಕ್ಕೆ 90 ನಿಮಿಷ ಮೊದಲು ಎಂದರ್ಥ. 2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ತೊಡಗಿದ್ದು 7 ಗಂಟೆಗೆ. ಆದುದರಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮತಗಟ್ಟೆಗಳಲ್ಲಿ ಈ ವಿಧಿಯ ವೇಳೆ 5.30. ಬೇರೆ ಬೇರೆ ಇಲಾಖೆಗಳಿಂದ ಬಂದು, ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಿಂದ ಪೆಟ್ಟಿಗೆ ಹೊತ್ತು ಹೊರಟ ನಾಲ್ಕಾರು ಜನ ಒಂದು ತಂಡವಾಗುವುದು ಈ ಹೊತ್ತಿನಲ್ಲಿಯೇ.

‘ಸಮಕ್ಷಮ’ವೆಂದರೆ ಕಣ್ಣೆದುರು. ಯಾರ ಕಣ್ಣು? ಪರಸ್ಪರ ಎದುರಾಳಿಗಳಾದ ಅಭ್ಯರ್ಥಿಗಳ ಏಜೆಂಟರದು. ಮತಗಟ್ಟೆ ಅಧ್ಯಕ್ಷಾಧಿಕಾರಿಯು ತಂಡದ ನಾಯಕ ನಿಜ. ಆದರೆ ‘ನನ್ನನ್ನು ನಂಬಿ’ ಎನ್ನುವ ಅಧಿಕಾರ ಆತನಿಗಿಲ್ಲ. ಸಂಶಯಪಡುವವರ ಮುಂದೆಯೇ ಮಾಡಿ ತೋರಿಸಬೇಕು. ನಾಯಕತ್ವಕ್ಕೆ ಇದಕ್ಕಿಂತ ಕಠಿಣವಾದ ಲಕ್ಷಣ ಬೇರೊಂದಿಲ್ಲ.

‘ಅಣಕು’ ಪದಕ್ಕೆ ಲೋಕದಲ್ಲಿ ಗೇಲಿಯ ಅನುಕರಣೆ ಎಂಬ ಅರ್ಥವುಂಟು. ಇಲ್ಲಿ ಗೇಲಿಯನ್ನು ಬಿಟ್ಟು ಅನುಕರಣೆಯನ್ನಷ್ಟೇ ಗ್ರಹಿಸತಕ್ಕದ್ದು. ‘ಕನಿಷ್ಠ 50’ ಎಂದಲ್ಲಿ, ನೋಟಾ ಸಹಿತ ಮತಯಂತ್ರದ ಪ್ರತಿ ಗುಂಡಿಗೂ ಒಂದಾದರೂ ಮತ ಬೀಳಬೇಕೆಂದು ತಿಳಿಯಬೇಕು.

‘ಕ್ಲೋಸ್’ ಎಂದರೆ ಮುಕ್ತಾಯ. ಹೆಚ್ಚಿನ ವಿವರಣೆ ಬೇಡ. ‘ರಿಸಲ್ಟ್’ ಒತ್ತಿದಾಗ ಕಂಟ್ರೋಲ್ ಯೂನಿಟ್ ತೋರುವ ಅಂಕಿ, ವಿವಿಪ್ಯಾಟ್‌ನ ಚೀಟಿಗಳ ಎಣಿಕೆ, ಕೈಯಲ್ಲಿ ಬರೆದುಕೊಂಡ ಲೆಕ್ಕ, ಈ ಮೂರೂ ತಾಳೆಯಾಗಬೇಕು. ಒಬ್ಬ ಓದುತ್ತಾನೆ, ಒಬ್ಬ ಚೀಟಿ ಎಣಿಸುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಒಬ್ಬನ ಕೈ ತಪ್ಪಿದರೆ ಉಳಿದಿಬ್ಬರ ಲೆಕ್ಕ ಹಿಡಿದುಕೊಡುತ್ತದೆ. ‘ತಂಡ’ ಶಬ್ದದ ಪೂರ್ಣಾರ್ಥ ಇದು.

ಸೂತ್ರದ ಪ್ರಾಣವಿರುವುದು ‘ಕ್ಲಿಯರ್’ ಎಂಬಲ್ಲಿ. ಕ್ಲಿಯರ್ ಎಂದರೆ ಅಳಿಸುವುದು, ಮಾಡಿದ್ದನ್ನು ಮಾಡದಂತಾಗಿಸುವುದು. ಇದೊಂದನ್ನು ಮರೆತರೆ ಅಣಕು ಮತವು ನಿಜದ ಮತದೊಡನೆ ಬೆರೆಯುತ್ತದೆ, ಉಳಿದ ಶ್ರಮವೆಲ್ಲ ವ್ಯರ್ಥ. ಯಂತ್ರದಲ್ಲಿ ಅಳಿದದ್ದು ಚೀಟಿಗಳಲ್ಲಿ ಉಳಿದಿರುತ್ತದಾದ್ದರಿಂದ ಅವುಗಳನ್ನೂ ವಿವಿಪ್ಯಾಟ್‌ನಿಂದ ಹೊರತೆಗೆದು, ಬೆನ್ನಿಗೆ ಮುದ್ರೆಯೊತ್ತಿ, ದಪ್ಪ ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತಾರೆ. ತಾಲೀಮಿನ ಫಲವನ್ನು ತಾನೇ ತೊಡೆದುಹಾಕುವ ಈ ಕೆಲಸಕ್ಕೆ ಐವತ್ತು ಮತ ಹಾಕಿಸುವುದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಯಂತ್ರದ ಮೊತ್ತ ಸೊನ್ನೆಯೆಂದು ಏಜೆಂಟರಿಗೆ ತೋರಿಸಿ, ಪ್ರಮಾಣಪತ್ರಕ್ಕೆ ಅವರ ಸಹಿ ಪಡೆದ ಬಳಿಕವೇ ಮೊದಲ ಮತದಾರನನ್ನು ಒಳಗೆ ಬಿಡತಕ್ಕದ್ದು.