‘ಅವರ್ ಟೌನ್’: ಭಯದ ಕಥೆಯಲ್ಲಿ ಕರುಣೆಯ ಮಿತಿ

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1993ರಲ್ಲಿ ಆರಂಭವಾದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯಲ್ಲಿ ಎರಡು ಬಗೆಯ ಕಂತುಗಳಿವೆ. ಅನ್ಯಗ್ರಹದ ಜೀವಿಗಳ ರಹಸ್ಯವನ್ನು ಮುಂದುವರಿಸುತ್ತ ಹೋಗುವವು ಕೆಲವು. ತಮ್ಮಷ್ಟಕ್ಕೆ ತಾವೇ ಪೂರ್ಣವಾದ ಭೀತಿಕಥೆಗಳು ಉಳಿದವು. 1995ರ ಮೇ 12ರಂದು ಪ್ರಸಾರವಾದ ‘ಅವರ್ ಟೌನ್’ ಎರಡನೆಯ ಬಗೆಯದು. ಫ್ರಾಂಕ್ ಸ್ಪಾಟ್ನಿಟ್ಜ್ ಬರೆದು ರಾಬ್ ಬೌಮನ್ ನಿರ್ದೇಶಿಸಿದ ಈ ಕಂತು, ಆಹಾರ ಮತ್ತು ಹಿಂಸೆಗಳ ಸಂಬಂಧವನ್ನು ಕುರಿತು ಚಿಂತಿಸುವವರ ವಿಮರ್ಶೆಗೆ ಅರ್ಹವಾಗಿದೆ.

ಅರ್ಕಾನ್ಸಾಸ್ ರಾಜ್ಯದ ಡಡ್ಲಿ ಎಂಬ ಕಲ್ಪಿತ ಊರು ಒಂದು ಕೋಳಿಮಾಂಸದ ಕಾರ್ಖಾನೆಯನ್ನೇ ನಂಬಿ ಬದುಕಿದೆ. ಅದನ್ನು ಪರೀಕ್ಷಿಸುತ್ತಿದ್ದ ಸರ್ಕಾರಿ ಅಧಿಕಾರಿ ಕಾಣೆಯಾಗುತ್ತಾನೆ. ಮೋಲ್ಡರ್ ಮತ್ತು ಸ್ಕಲಿ ಎಂಬ ಎಫ್.ಬಿ.ಐ. ಅಧಿಕಾರಿಗಳು ಶೋಧಿಸಿದಾಗ, ಊರಿನ ಹೊಳೆಯಿಂದ ಮನುಷ್ಯರ ಮೂಳೆಗಳು ಹೊರಬರುತ್ತವೆ. ಕಾರ್ಖಾನೆಯ ಒಡೆಯ ಚಾಕೊ ತೊಂಬತ್ತು ದಾಟಿಯೂ ಮುಪ್ಪನ್ನರಿಯದವನಂತೆ ಇದ್ದಾನೆ. ಅವನೂ ಊರವರೂ ದೀರ್ಘಾಯುಷ್ಯದ ಆಸೆಯಿಂದ ನರಮಾಂಸ ಭಕ್ಷಿಸುವವರು. ಆ ಅಧಿಕಾರಿಯ ಮೆದುಳಿಗೆ ತಗಲಿದ್ದ ರೋಗವೇ ಈಗ ಅವರಲ್ಲಿ ಹರಡಿದೆ.

ಇಲ್ಲಿ ಪ್ರೇತವಿಲ್ಲ, ಪಿಶಾಚಿಯಿಲ್ಲ. ಸಭ್ಯರಾದ ನೆರೆಹೊರೆಯವರೇ ಭಯಕ್ಕೆ ಕಾರಣರು. ಕೊಂದವನೊಬ್ಬ, ಕೊಲ್ಲಿಸಿದವನೊಬ್ಬ, ಕಂಡೂ ಸುಮ್ಮನಿದ್ದು ಪಾಲು ಪಡೆದವರು ಹಲವರು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಗಳಲ್ಲಿಯೂ ಹಿಂಸೆಯ ಹೊಣೆಯುಂಟೆಂಬುದನ್ನು ಬಲ್ಲ ಓದುಗರಿಗೆ ಈ ಊರಿನ ಚಿತ್ರ ಅಪರಿಚಿತವೆನಿಸದು. ಕೋಳಿಯ ಅವಶೇಷವನ್ನು ಅರೆದು ಕೋಳಿಗೇ ತಿನ್ನಿಸುವ ಕ್ರಮವನ್ನೂ ಕಥೆ ತೋರಿಸುತ್ತದೆ. ಇದು ಕೇವಲ ಕಲ್ಪನೆಯಲ್ಲ. ದನಗಳಿಗೆ ದನದ ಅವಶೇಷ ತಿನ್ನಿಸಿದ್ದರಿಂದ ಬ್ರಿಟನ್ನಿನಲ್ಲಿ ಹಬ್ಬಿದ ರೋಗಕ್ಕೂ ಮನುಷ್ಯರ ಮಾರಕ ಮೆದುಳುರೋಗಕ್ಕೂ ನಂಟಿರುವ ಸಂಭವವನ್ನು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1996ರ ಮಾರ್ಚ್‌ನಲ್ಲಿ, ಈ ಕಂತು ಪ್ರಸಾರವಾದ ಹತ್ತು ತಿಂಗಳ ಮೇಲೆ.

ಆದರೆ ಕಂತಿನ ಕರುಣೆ ಮನುಷ್ಯನಲ್ಲಿಗೇ ನಿಲ್ಲುತ್ತದೆ. ಯಂತ್ರಕ್ಕೆ ತೂಗುಬಿದ್ದ ಕೋಳಿಗಳ ಸಾಲು ಇಲ್ಲಿ ಬರಿಯ ಹಿನ್ನೆಲೆ. ನರಮಾಂಸದ ರೂಢಿಯ ಮೂಲವನ್ನು ಚಾಕೊ ಹಿಂದೊಮ್ಮೆ ತಂಗಿದ್ದ ನ್ಯೂಗಿನಿಯ ಗುಡ್ಡಗಾಡಿನವರಲ್ಲಿ ಇರಿಸುವುದೂ ದೋಷವೇ. ಲಾಭಕ್ಕಾಗಿ ನಡೆಯುವ ಆಧುನಿಕ ಹಿಂಸೆಯ ಅಪರಾಧವನ್ನು ಅದು ದೂರದ ಜನರ ತಲೆಗೆ ಕಟ್ಟುತ್ತದೆ.

ಜನ್ನನ ‘ಯಶೋಧರ ಚರಿತೆ’ಯ ದೃಷ್ಟಿ ಇದಕ್ಕಿಂತ ಆಳವಾದುದು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವೇ ಯಶೋಧರನನ್ನೂ ಅವನ ತಾಯಿಯನ್ನೂ ಭವಭವಗಳಲ್ಲಿ ಅಲೆಸಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿಸುತ್ತದೆ. ತಿನ್ನುವವನಿಗೂ ತಿನ್ನಲ್ಪಡುವುದಕ್ಕೂ ನಡುವಣ ಗೋಡೆಯನ್ನು ಜನ್ನ ಕೆಡವುತ್ತಾನೆ. ಈ ಕಂತು ಅದರಲ್ಲಿ ಬಿರುಕನ್ನಷ್ಟೇ ಮೂಡಿಸುತ್ತದೆ.

ಕೊನೆಯಲ್ಲಿ ಚಾಕೊ ತನ್ನವರಿಂದಲೇ ಹತನಾಗುತ್ತಾನೆ. ತಕ್ಕ ಶಾಸ್ತಿಯಾಯಿತೆಂದು ಪ್ರೇಕ್ಷಕ ಹಿಗ್ಗುವಂತೆ ಆ ದೃಶ್ಯ ರಚಿತವಾಗಿದೆ. ಆ ಹಿಗ್ಗಿಗೆ ಶಾಸ್ತ್ರವಿಟ್ಟ ಹೆಸರು ಹಿಂಸಾನಂದ. ಡಡ್ಲಿಯ ಊರವರನ್ನು ಹೇಸಿ ನೋಡಿದ ಕಣ್ಣು ಆ ಕ್ಷಣದಲ್ಲಿ ತನ್ನ ಮನಸ್ಸನ್ನೂ ನೋಡಿಕೊಂಡರೆ ಮಾತ್ರ ಇಂಥ ಕಥೆಯನ್ನು ನೋಡಿದುದು ಸಾರ್ಥಕ.